ಶೋಭಾರಾಣಿಯ ಒಳಸುತ್ತು

ಕುಡುಮಲಕುಂಟೆಯ ಕಾರ್ಖಾನೆಗಳ ಸಾಲಿನಲ್ಲಿ ಸಮುದ್ರಕ್ಕೆ ಬೇಕಾದ ಸಾಮಾನು ತಯಾರಾಗುತ್ತದೆ ಎಂದರೆ ಗೌರಿಬಿದನೂರಿನವರೇ ನಗುತ್ತಾರೆ. ಕೆರೆಗೆ ಒಂದಿಷ್ಟು ನೀರು ಬಂದರೆ ಫೋಟೊ ತೆಗೆದು ಸ್ಟೇಟಸ್ ಹಾಕುವ ಸೀಮೆ ನಮ್ಮದು. ಸಮುದ್ರ ನೋಡಬೇಕೆಂದರೆ ಹಗಲೆಲ್ಲಾ ಬಸ್ಸಿನಲ್ಲಿ ಕೂತು ಘಟ್ಟ ಇಳಿಯಬೇಕು. ಆದರೂ ಮಾತು ನಿಜ. ಅಲ್ಲಿನ ಒಂದು ತಗಡಿನ ಶೆಡ್ಡಿನಲ್ಲಿ ಏಡಿ ಹಿಡಿಯುವ ಬೋನು ಮಾಡುತ್ತಾರೆ. ಕಬ್ಬಿಣದ ಕಂಬಿಯ ಚೌಕಟ್ಟು, ಅದರ ಸುತ್ತ ನೈಲಾನ್ ಬಲೆ, ಏಡಿ ಒಳಗೆ ಬರುವುದಕ್ಕೆ ಸಲೀಸಾದ, ಆಚೆ ಹೋಗುವುದಕ್ಕೆ ಆಗದ ಒಂದು ಬಾಯಿ. ಚೌಕಟ್ಟಿಗೆ ಬಲೆ ಬಿಗಿದು ಕಟ್ಟುವ ಕೆಲಸ ಹೆಂಗಸರದು. ಆ ಹೆಂಗಸರ ಸಾಲಿನಲ್ಲಿ ಮೊದಲನೆಯ ಮಣೆ ಶೋಭಾರಾಣಿಯದು.

ಶೋಭಾರಾಣಿ ಕಳವಾರದ ಮುನಿಶಾಮಪ್ಪನವರ ಮಗಳು. ಸ್ಕಂದಗಿರಿಯ ಬುಡದಲ್ಲಿ ಅವರದೊಂದು ದ್ರಾಕ್ಷಿ ತೋಟ. ಈಗ ಬೆಟ್ಟ ಹತ್ತುವುದಕ್ಕೆ ಬೆಂಗಳೂರಿನಿಂದ ಬರುವವರ ಕಾರುಗಳು ನಿಲ್ಲುವ ಜಾಗದಲ್ಲಿ ಅವಳು ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದ್ದಳು. ಮದುವೆಯಾಗಿ ಗೌರಿಬಿದನೂರಿನ ಕಡೆ ಬಂದಳು. ಗಂಡ ಬಯ್ಯಪ್ಪನಿಗೆ ಹಾಲಿನ ಡೇರಿಯಲ್ಲಿ ಕೆಲಸ, ಜೊತೆಗೆ ಮುಸುಕಿನ ಜೋಳ ಬೆಳೆಯುವಷ್ಟು ಹೊಲ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರಲಾರದೆ ಪಕ್ಕದ ಮನೆಯವಳ ಹಿಂದೆ ಕಾರ್ಖಾನೆಯ ವ್ಯಾನ್ ಹತ್ತಿದಳು. ಮಗಳ ಮದುವೆಯಾಗಿ ಮೊಮ್ಮಗು ನಡೆಯುತ್ತಿದೆ. ಶೋಭಾರಾಣಿ ಇನ್ನೂ ಅದೇ ವ್ಯಾನ್ ಹತ್ತುತ್ತಾಳೆ.

ಅವಳ ಕೈಯ ಗಂಟು ಅಂದರೆ ಗಂಟು. ಆ ಸಾಲಿನಲ್ಲಿ ಒಂದು ಪದ್ಧತಿ ಇದೆ. ಕಟ್ಟಿ ಮುಗಿದ ಬೋನನ್ನು ಪಕ್ಕದವಳಿಗೆ ಕೊಡಬೇಕು. ಪಕ್ಕದವಳು ಚೌಕಟ್ಟಿನ ಮೇಲೆ ಕಾಲಿಟ್ಟು, ಎರಡೂ ಕೈಯಿಂದ ಗಂಟು ಜಗ್ಗಬೇಕು. ಸಡಿಲವಾಯಿತೋ, ಆವತ್ತಿನ ಟೀ ಹೊತ್ತಿನಲ್ಲಿ ಕಟ್ಟಿದವಳ ಮಾನ ಹರಾಜು. ಎಲ್ಲರ ಮಾನವೂ ಒಂದಲ್ಲ ಒಂದು ದಿನ ಹರಾಜಾಗಿತ್ತು, ಶೋಭಾರಾಣಿಯದು ಬಿಟ್ಟು. "ನಾನು ಹಾಕಿದ ಗಂಟು ಬಿಚ್ಚೋನು ಇನ್ನೂ ಹುಟ್ಟಿಲ್ಲ ಕಣ್ರೇ" ಎಂದು ಸೆರಗು ಕೊಡವಿ ಏಳುತ್ತಿದ್ದಳು. ಜಂಬ ಅನ್ನಿ, ಇರಲಿ. ದಿನವಿಡೀ ಬೆನ್ನು ಬಗ್ಗಿಸಿ ಬೆರಳು ಸವೆಸುವವರಿಗೆ ಅಷ್ಟೂ ಜಂಬ ಬೇಡ ಅನ್ನುವುದಕ್ಕೆ ನಾವು ಯಾರು? ಅವಳ ಜಂಬ ಶೆಡ್ಡಿನೊಳಗೇ ಇದ್ದಿದ್ದರೆ ಈ ಕಥೆ ಹೇಳುವ ಅಗತ್ಯವೂ ಇರುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯ ಕೊನೆಗೆ ಕಾರ್ಖಾನೆಗೆ ಹೊಸ ಮೇಡಂ ಬಂದಳು. ಹೆಸರು ಸಂಘಮಿತ್ರ. ಮಂಗಳೂರಿನಲ್ಲಿ ಮೀನುಗಾರಿಕೆ ಓದಿ ಬಂದವಳು, ವಯಸ್ಸು ಶೋಭಾರಾಣಿಯ ಮಗಳಷ್ಟು. ಮೊದಲ ದಿನ ಹೆಂಗಸರ ಸಾಲಿಗೆ ಬಂದು ನೆಲದ ಮೇಲೇ ಕೂತು ಎಲ್ಲರ ಹೆಸರು ಕೇಳಿದಳು. ಶೋಭಾರಾಣಿಯೂ ಕೇಳಬೇಕಾದ್ದನ್ನು ಕೇಳಿದಳು.

"ಯಾವೂರು ಮೇಡಂ ನಿಮ್ದು?"

"ಚಿಂತಾಮಣಿ ಹತ್ರ ಅಕ್ಕ. ಅಂಬಾಜಿದುರ್ಗದ ಕೆಳಗೆ."

"ಊರೊಳಗೇನಾ ಮನೆ?"

ಆ ಪ್ರಶ್ನೆಯ ಒಳಗೆ ಏನಿದೆ ಎಂಬುದು ಕೇಳಿದವಳಿಗೂ ಗೊತ್ತು, ಕೇಳಿಸಿಕೊಂಡವಳಿಗೂ ಗೊತ್ತು. ಸಂಘಮಿತ್ರ ನಕ್ಕಳು. "ಊರಾಚೆ ಅಕ್ಕ. ನಮ್ಮಪ್ಪ ವೆಂಕಟರವಣಪ್ಪ ಅಂತ, ಮೇಷ್ಟ್ರು."

"ಸರಿ ಬಿಡಮ್ಮ" ಅಂದಳು ಶೋಭಾರಾಣಿ. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಮೇಡಂ ಹೋಯಿತು, ನೀವು ಹೋಯಿತು. ಹಿಂದೆ ಇದ್ದ ಮೇಡಂಗೆ ಕೊಡುತ್ತಿದ್ದ ಮರ್ಯಾದೆ ಇವಳಿಗೆ ಬರಲಿಲ್ಲ. ಬೈಯಲಿಲ್ಲ, ಜಗಳ ಆಡಲಿಲ್ಲ. ಮಾತಿಗೆ ಕಿವಿ ಕೊಡುವುದನ್ನು ಮಾತ್ರ ನಿಲ್ಲಿಸಿದಳು. ನಮ್ಮ ಕಡೆ ಇಂಥದ್ದು ಗಲಾಟೆ ಇಲ್ಲದೆ ನಡೆದುಹೋಗುತ್ತದೆ.

ಕರಾವಳಿಯ ಒಂದು ಮೀನುಗಾರರ ಸಂಘಕ್ಕೆ ಹೊಸ ಥರದ ಬೋನು ಬೇಕಿತ್ತು. ಪಕ್ಕದಲ್ಲಿ ಅಂಗೈ ಅಗಲದ ಒಂದು ಕಿಟಕಿ, ಅದಕ್ಕೆ ಬಲೆಯದೇ ಬಾಗಿಲು, ಆ ಬಾಗಿಲನ್ನು ಹತ್ತಿ ದಾರದಿಂದ ಮಾತ್ರ ಕಟ್ಟಬೇಕು. ಸಂಘಮಿತ್ರ ತಾನೇ ಒಂದು ಮಾದರಿ ಮಾಡಿಕೊಂಡು ಬಂದು ಸಾಲಿನ ಮುಂದೆ ನಿಂತು ಅದು ಯಾಕೆ ಅಂತ ಹೇಳತೊಡಗಿದಳು. ಊಟದ ಹೊತ್ತಾಗುತ್ತಿತ್ತು. ಶೋಭಾರಾಣಿ, "ಆಯ್ತು ಬಿಡಮ್ಮ, ಕಟ್ಟೋದ್ ತಾನೆ, ನಮಗೆ ಹೇಳ್ಕೊಡ್ಬೇಕಾ?" ಎಂದು ದಾರದ ಉಂಡೆ ಹುಡುಕುವುದಕ್ಕೆ ಎದ್ದು ಹೋದಳು. ಸಾಲಿನ ದೊಡ್ಡವಳೇ ಎದ್ದ ಮೇಲೆ ಉಳಿದವರೂ ಡಬ್ಬಿ ಬಿಚ್ಚಿದರು.

ಅವಳು ಕೇಳಿಸಿಕೊಳ್ಳದೆ ಎದ್ದು ಹೋದ ಮಾತು ಇಷ್ಟೇ. ಸಮುದ್ರದಲ್ಲಿ ಬಿಟ್ಟ ಬೋನುಗಳಲ್ಲಿ ಕೆಲವು ಹಗ್ಗ ಹರಿದು ತಳ ಸೇರುತ್ತವೆ. ಅವನ್ನು ಎತ್ತುವವರು ಯಾರೂ ಇಲ್ಲ, ಆದರೆ ಬೋನು ತನ್ನ ಕೆಲಸ ಬಿಡುವುದಿಲ್ಲ. ಏಡಿ ಒಳಗೆ ಹೋಗುತ್ತದೆ, ಹೊರಗೆ ಬರಲಾರದೆ ಸಾಯುತ್ತದೆ. ಸತ್ತದ್ದನ್ನು ತಿನ್ನುವುದಕ್ಕೆ ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ನೈಲಾನ್ ಕೊಳೆಯುವುದಿಲ್ಲವಾದ್ದರಿಂದ ಯಾರಿಗೂ ಬೇಡದ ಈ ಸಾವು ವರ್ಷಗಟ್ಟಲೆ ನಡೆಯುತ್ತದೆ. ಕಿಟಕಿಗೆ ಹತ್ತಿ ದಾರ ಕಟ್ಟಿದರೆ ಉಪ್ಪು ನೀರಿನಲ್ಲಿ ಅದು ಕೆಲವು ತಿಂಗಳಿಗೆ ಕೊಳೆತು ಹರಿಯುತ್ತದೆ, ಬಾಗಿಲು ಬೀಳುತ್ತದೆ, ಒಳಗಿರುವುದು ಆಚೆ ಹೋಗುತ್ತದೆ. ದಿನಾ ಎತ್ತುವ ಬೋನಿನ ಬಾಗಿಲು ಸಡಿಲವಾದಾಗ ಮೀನುಗಾರರು ದಾರ ಬದಲಾಯಿಸಿಕೊಳ್ಳುತ್ತಾರೆ. ಕಳೆದುಹೋದ ಬೋನು ಮಾತ್ರ ತಾನಾಗಿ ಬಾಗಿಲು ತೆರೆಯುತ್ತದೆ.

ಶೋಭಾರಾಣಿಯ ತಲೆಯಲ್ಲಿ ಉಳಿದದ್ದು ಹತ್ತಿ ದಾರ ಅನ್ನುವುದೊಂದೇ. ಮಣೆಯ ಮೇಲೆ ಕೂತು ಆ ದಾರವನ್ನು ಬೆರಳಿಗೆ ಸುತ್ತಿ ಎಳೆದಳು, ಪಟ್ ಎಂದು ಹರಿಯಿತು. ಅವಳಿಗೆ ಕೆಂಡದಂಥ ಸಿಟ್ಟು ಬಂತು.

"ಇದ್ರಲ್ಲಿ ಕಟ್ಟಿದ್ರೆ ನಾಕು ಸಲ ನೀರಿಗಿಳಿಯೋ ಹೊತ್ಗೆ ಬಾಗ್ಲು ಬಿದ್ದೋಗುತ್ತೆ. ಪಾಪ ಆ ಮೀನು ಹಿಡಿಯೋನು ತುಂಬಿದ ಬೋನು ಎಳ್ಕೊಂಡು ಮೇಲ್ ತರ್ತಾನೆ, ಎಲ್ಲಾ ಸುರಿದೋಗುತ್ತೆ. ಯಾವಳು ಕಟ್ಟಿದ್ದು ಇದನ್ನ ಅಂತ ಅವ್ನು ಶಾಪ ಹಾಕಿದ್ರೆ ಯಾರಿಗೆ ಮುಟ್ಟುತ್ತೆ ಹೇಳು?" ಎಂದು ಪಕ್ಕದ ಮಣೆಯ ಗಂಗುಲಮ್ಮನನ್ನು ಕೇಳಿದಳು.

ಶೋಭಾರಾಣಿ ಕತ್ತರಿಸಿ ಉಳಿದ ತುಂಡುಗಳ ಬುಟ್ಟಿಗೆ ಕೈ ಹಾಕಿ ಒಂದು ನೀಲಿ ನೈಲಾನ್ ತುಂಡು ತೆಗೆದಳು. ಕಿಟಕಿಯ ಅಂಚಿಗೆ ಮೊದಲು ಅದನ್ನು ಒಂದು ಸುತ್ತು ಬಿಗಿದು ತನ್ನ ಗಂಟು ಹಾಕಿದಳು. ಅದು ಕಾಣದಂತೆ ಮೇಲೆ ಬೆಳ್ಳಗೆ ಹತ್ತಿ ದಾರ ಸುತ್ತಿದಳು. ಗಂಗುಲಮ್ಮ ಕಾಲಿಟ್ಟು ಜಗ್ಗಿದಳು. ಬಾಗಿಲು ಅಲ್ಲಾಡಲಿಲ್ಲ.

"ಮೇಡಂಗೆ ಒಂದ್ ಮಾತು ಹೇಳೋಣ್ವಾ?" ಅಂದಳು ಗಂಗುಲಮ್ಮ.

"ಅವಳಿಗೇನೇ ಹೇಳೋದು? ಮೇಲೆ ಅವಳು ಹೇಳಿದ ದಾರಾನೇ ಇದೆಯಲ್ಲ."

ಆ ‘ಅವಳಿಗೇನೇ’ ಗಂಗುಲಮ್ಮನಿಗೂ ತಾಗಿತು, ಯಾಕೆಂದರೆ ಅವಳ ಮನೆಯೂ ಊರಾಚೆಯದೇ. ತಾಗಿದ್ದನ್ನು ನುಂಗಿಕೊಂಡು ತಾನೂ ನೀಲಿ ತುಂಡಿಗೆ ಕೈ ಹಾಕಿದಳು. ವಾರ ಕಳೆಯುವುದರೊಳಗೆ ಇಡೀ ಸಾಲು ಹಾಗೇ ಕಟ್ಟುತ್ತಿತ್ತು. ಒಳಸುತ್ತು ಅಂತ ಅದಕ್ಕೊಂದು ಹೆಸರೂ ಬಿತ್ತು. ಮೇಲಿನ ಬಿಳಿ ದಾರ ನೋಡಿ ತಪಾಸಣೆಯವರು ಸರಿ ಅಂದರು, ಲಾರಿಗಳು ತುಂಬಿಕೊಂಡು ಘಟ್ಟ ಇಳಿದವು.

ಆಯುಧಪೂಜೆಗೆ ಬೋನುಗಳಿಗೂ ಕುಂಕುಮ ಇಟ್ಟು ಬೂದುಗುಂಬಳ ಒಡೆದರು. ಮ್ಯಾನೇಜರ್ ಮೋಹನ್‌ಬಾಬು ಒಂದು ಬೋನೂ ವಾಪಸ್ ಬಂದಿಲ್ಲ ಎಂದು ಹೊಗಳಿ ಶೋಭಾರಾಣಿಗೆ ಶಾಲು ಹೊದಿಸಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸಂಘಮಿತ್ರ.

ಈ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಸಂಘಮಿತ್ರ ಊಟದ ಹೊತ್ತಿಗೆ ಸಾಲಿಗೆ ಬಂದು ಫೋನು ಮುಂದೆ ಹಿಡಿದಳು. ಮುಖ ಬಾಡಿತ್ತು. ಸಂಘದವರು ಕಳಿಸಿದ ವಿಡಿಯೋ. ಹೋದ ವರ್ಷವೇ ಹಗ್ಗ ಹರಿದು ಕಳೆದುಹೋಗಿದ್ದ ಬೋನೊಂದು ಯಾರದೋ ಬಲೆಗೆ ಸಿಕ್ಕಿ ಮೇಲೆ ಬಂದಿತ್ತು. ಚೌಕಟ್ಟಿನ ತುಂಬ ಪಾಚಿ, ಚಿಪ್ಪು. ಒಳಗೆ ಬರೀ ಏಡಿಗಳ ಖಾಲಿ ಓಡು, ಒಂದರ ಮೇಲೊಂದು. ಮೀನಿನ ಮುಳ್ಳು. ತೀರಾ ಮೇಲೆ ಆಗಷ್ಟೇ ಸತ್ತ ಒಂದು ಹೆಣ್ಣು ಏಡಿ, ಹೊಟ್ಟೆಯ ಕೆಳಗೆ ಮೊಟ್ಟೆಗಳ ಕಿತ್ತಳೆ ಬಣ್ಣದ ಗೊಂಚಲು ಹಾಗೇ ಇತ್ತು. ಕಿಟಕಿಯ ಬಾಗಿಲು ಮುಚ್ಚಿತ್ತು.

"ಅಯ್ಯೋ ದೇವುಡಾ" ಅಂದಳು ಯಾರೋ.

ವಿಡಿಯೋದಲ್ಲಿ ಒಂದು ಕೈ ಬಂದು ಕಿಟಕಿಯ ಅಂಚಿನ ಪಾಚಿ ಒರೆಸಿತು. ಒಂದು ಕ್ಷಣ ನೀಲಿ ಬಣ್ಣ ಮಿಂಚಿ ಹೋಯಿತು. ಬಲೆಯೂ ನೀಲಿಯೇ ಆದ್ದರಿಂದ ಬೇರೆ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಗಂಗುಲಮ್ಮ ಮೊಣಕೈಯಿಂದ ತಿವಿದಳು.

"ಅದು ನಮ್ಮ ಒಳಸುತ್ತಲ್ವೇನೇ?"

"ಸುಮ್ನಿರೇ" ಅಂದಳು ಶೋಭಾರಾಣಿ. ಡಬ್ಬಿ ಮುಚ್ಚಿ ಎದ್ದು ಹೋಗಿ ನಲ್ಲಿಯ ಕೆಳಗೆ ಎಷ್ಟೋ ಹೊತ್ತು ಕೈ ತೊಳೆದಳು.

ಶೆಡ್ಡಿನ ಹಿಂದೆ ಸಂಘಮಿತ್ರ ಒಂದು ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಅದರಲ್ಲಿ ಹತ್ತಿ ದಾರ ಕಟ್ಟಿದ ಕಂಬಿ ಇಳಿಬಿಟ್ಟಿದ್ದಳು. ಮಾರನೆಯ ದಿನ ಶೋಭಾರಾಣಿ ಆ ಕಡೆ ಹೋದಾಗ ಹುಡುಗಿ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಂಬಿ ಎತ್ತಿ ದಾರ ಮುಟ್ಟಿದಳು, ಹಿಟ್ಟಿನಂತೆ ಬೆರಳಿಗೆ ಬಂತು.

"ನೋಡಿ ಅಕ್ಕ, ಇಲ್ಲಿ ಕೊಳೀತಿದೆ. ಅಲ್ಲಿ ಯಾಕೆ ಕೊಳೀಲಿಲ್ಲ? ನಾನೇ ಎಲ್ಲೋ ತಪ್ಪು ಮಾಡ್ಬಿಟ್ಟಿದೀನಿ ಅನ್ಸುತ್ತೆ. ನೀವು ಕಟ್ಟೋದ್ರಲ್ಲಿ ಪಳಗಿದೋರು. ನಿಮಗೇನಾದ್ರೂ ಹೊಳೆಯುತ್ತಾ?"

ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿರಲಿಲ್ಲ. ಅಲ್ಲಿ ಇನ್ನೊಬ್ಬರಿರಲಿಲ್ಲ. ಬೇಕಿದ್ದದ್ದು ಒಂದೇ ಮಾತು. ಶೋಭಾರಾಣಿ ಡ್ರಮ್ಮಿನ ನೀರು ನೋಡುತ್ತಾ ಹೇಳಿದಳು:

"ನಂಗೇನು ಗೊತ್ತಮ್ಮ. ಸಮುದ್ರದ ನೀರೇ ಬೇರೆ ಥರ ಇರ್ಬೇಕು."

ಆ ಸುಳ್ಳಿಗೆ ಹುಡುಗಿ ತಲೆಯಾಡಿಸಿ, ಇರಬಹುದು ಅಂದಳು. ಆ ತಲೆಯಾಡಿಸಿದ್ದು ಶೋಭಾರಾಣಿಯನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂತು.

ಮುಂದೆ ಆಗಬೇಕಾದ್ದು ಬೇಗ ಬೇಗ ಆಯಿತು. ಈ ಕಿಟಕಿ ಪ್ರಯೋಜನವಿಲ್ಲ, ಕೆಲಸ ಹೆಚ್ಚು, ಹಳೆಯ ಥರದ ಬೋನೇ ಕಳಿಸಿ ಎಂದು ಸಂಘದವರು ಹೇಳಿದರು. ಅವರನ್ನು ನೋಡಿ ಕಿಟಕಿ ಹಾಕಿಸೋಣ ಎಂದುಕೊಂಡಿದ್ದ ಬೇರೆ ಊರಿನ ಮೀನುಗಾರರೂ ಹಿಂದೆ ಸರಿದರು. ಮುಂದಿನ ತಿಂಗಳಿಂದ ಕಿಟಕಿ ಬಂದ್ ಎಂದ ಮೋಹನ್‌ಬಾಬು. ಆ ಕೆಲಸಕ್ಕೆಂದೇ ಬಂದ ಸಂಘಮಿತ್ರಳೂ ತಿಂಗಳ ಕೊನೆಗೆ ಹೊರಡಬೇಕು. ಓದಿದೋರ ಐಡಿಯಾ ಎಲ್ಲಾ ಹಿಂಗೇ ಎಂದು ಶೆಡ್ಡಿನಲ್ಲಿ ಗಂಡಸರು ನಕ್ಕರು. ಶೋಭಾರಾಣಿ ತಲೆ ತಗ್ಗಿಸಿ ಕಟ್ಟುತ್ತಲೇ ಇದ್ದಳು. ತಾನು ಬಾಯಿ ಬಿಟ್ಟರೆ ಒಂದು ನಿಮಿಷದಲ್ಲಿ ಎಲ್ಲಾ ಸರಿಹೋಗುತ್ತದೆ, ಬಿಡದಿದ್ದರೆ ಕಿಟಕಿಯೂ ಹೋಗುತ್ತದೆ, ಹುಡುಗಿಯೂ ಹೋಗುತ್ತಾಳೆ, ಸಮುದ್ರದ ತಳದಲ್ಲಿ ಮೊಟ್ಟೆ ಹೊತ್ತ ಏಡಿಗಳು ಸಾಯುತ್ತಲೇ ಇರುತ್ತವೆ. ಇದೆಲ್ಲಾ ಚೆನ್ನಾಗಿ ಗೊತ್ತಿತ್ತು. ಆದರೂ ಟೀ ಹೊತ್ತಿನಲ್ಲಿ ತನ್ನ ಮಾನ ಹರಾಜಾಗುವುದನ್ನು ನೆನೆದರೆ ನಾಲಿಗೆ ಏಳುತ್ತಿರಲಿಲ್ಲ. ಥೂ, ಎಂಥ ಜನ್ಮ ನಂದು ಎಂದು ವ್ಯಾನಿನ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದಳು.

ಭಾನುವಾರ ಕಳವಾರಕ್ಕೆ ಹೋದಳು. ದ್ರಾಕ್ಷಿ ಗಿಡ ಕತ್ತರಿಸಿ, ಹೊಸ ಚಿಗುರನ್ನು ಚಪ್ಪರದ ತಂತಿಗೆ ಕಟ್ಟುವ ಹೊತ್ತು ಅದು. ಮುನಿಶಾಮಪ್ಪನವರು ತೀರಿಕೊಂಡ ಮೇಲೆ ತೋಟ ತಮ್ಮ ರಮೇಶ್‌ಬಾಬು ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುವುದು ಅವನು, ಬೈಯುವುದು ತಾಯಿ ಅಕ್ಕಯ್ಯಮ್ಮ. ಎಪ್ಪತ್ತು ದಾಟಿದ್ದರೂ ಬಕೀಟಿನಲ್ಲಿ ಬಾಳೆನಾರು ನೆನೆಸಿಕೊಂಡು ಚಪ್ಪರದ ಕೆಳಗೆ ಓಡಾಡುತ್ತಿದ್ದಳು. ಮಗಳು ಬಂದವಳೇ ಒಂದು ಹಿಡಿ ನಾರು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಮನಸ್ಸು ಕೆಟ್ಟಾಗ ಅವಳಿಗೆ ತಿಳಿದಿದ್ದ ಮದ್ದು ಅದೊಂದೇ.

ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಅಕ್ಕಯ್ಯಮ್ಮನ ಕೂಗು ಕೇಳಿತು.

"ಯಾವ ಪಾಪಿ ಕಟ್ಟಿದ್ದು ಇದನ್ನ? ಬಾರೇ ಇಲ್ಲಿ, ನೋಡ್ ಬಾ."

ಹೋದ ವರ್ಷ ಯಾರೋ ಒಂದು ಬಳ್ಳಿಯನ್ನು ನೈಲಾನ್ ದಾರದಿಂದ ಕಂಬಕ್ಕೆ ಕಟ್ಟಿದ್ದರು. ಬಳ್ಳಿ ದಪ್ಪವಾಗಿತ್ತು, ದಾರ ಬಿಟ್ಟುಕೊಟ್ಟಿರಲಿಲ್ಲ. ತೊಗಟೆಯೊಳಕ್ಕೆ ಇಳಿದು, ಕತ್ತು ಹಿಸುಕಿದಂತೆ ಸುತ್ತಲೂ ಕೊರೆದಿತ್ತು. ಅದರಿಂದ ಮುಂದಕ್ಕೆ ಬಳ್ಳಿ ಒಣಗಿತ್ತು.

"ಗಟ್ಟಿಯಾಗಿರ್ಲಿ ಅಂತ ಆಳುಗಳಿಗೆ ನಾನೇ ತಂದುಕೊಟ್ಟಿದ್ದಮ್ಮ" ಅಂದ ರಮೇಶ್‌ಬಾಬು ಮೆಲ್ಲಗೆ.

"ಗಟ್ಟಿ ಅಂತೆ ಗಟ್ಟಿ. ನಾರಲ್ಲಿ ಯಾಕೋ ಕಟ್ತೀವಿ? ಗಿಡ ದಪ್ಪ ಆಗೋ ಹೊತ್ಗೆ ಅದು ಕೊಳ್ತು ತಾನಾಗ್ ತಾನೇ ಬಿದ್ದೋಗ್ಲಿ ಅಂತ. ನಿಮ್ಮಕ್ಕ ಲಂಗ ಹಾಕ್ಕೊಂಡ್ ಓಡಾಡೋ ವಯಸ್ಸಲ್ಲೇ ಇದು ಗೊತ್ತಿತ್ತಲ್ಲೋ ಅವಳಿಗೆ. ಹೇಳೇ ಅವನಿಗೆ."

ಶೋಭಾರಾಣಿ ಬಳ್ಳಿಯ ಕೊರೆದ ಜಾಗದ ಮೇಲೆ ಬೆರಳಿಟ್ಟಳು. ಗೊತ್ತಿತ್ತು. ಯಾರೂ ಮಂಗಳೂರಿಗೆ ಹೋಗಿ ಓದಿ ಬಂದು ಹೇಳಬೇಕಾಗಿರಲಿಲ್ಲ. ಇದೇ ಚಪ್ಪರದ ಕೆಳಗೆ, ಇದೇ ಕೈಯಿಂದ, ಕೊಳೆಯಲಿ ಎಂದೇ ನಾರು ಕಟ್ಟಿ ಬೆಳೆದವಳು ಅವಳು. ಆ ಹುಡುಗಿ ಹೇಳಲು ಬಂದದ್ದೂ ಇದನ್ನೇ. ಎರಡು ನಿಮಿಷ ಕೂತು ಕೇಳಿದ್ದರೆ, ‘ಅಯ್ಯೋ, ನಮ್ಮ ದ್ರಾಕ್ಷಿ ತೋಟದ ಥರಾನೇ’ ಅಂದು ನಕ್ಕು ಕಟ್ಟುತ್ತಿದ್ದಳು. ಕೇಳುವ ಮನಸ್ಸಿರಲಿಲ್ಲ, ಅಷ್ಟೇ.

"ಅಮ್ಮ, ನಾನೂ ಹಿಂಗೇ ಕಟ್ಬಿಟ್ಟಿದೀನಿ" ಅಂದಳು.

"ಎಲ್ಲೇ? ಯಾವ ಸಾಲಲ್ಲಿ?" ಅಕ್ಕಯ್ಯಮ್ಮ ಚಪ್ಪರದ ಉದ್ದಕ್ಕೂ ಕಣ್ಣಾಡಿಸಿದಳು.

"ಇಲ್ಲಲ್ಲಮ್ಮ. ಸಮುದ್ರದಲ್ಲಿ."

ಅಲ್ಲೇ ಕಾಲುವೆಯ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಊರೊಳಗಾ ಎಂದು ಕೇಳಿದ್ದನ್ನೂ ಬಿಡಲಿಲ್ಲ. ಮಗಳು ಅಳುವುದು ಮುಗಿಸಿದ ಮೇಲೆ ಅಕ್ಕಯ್ಯಮ್ಮ ಸೆರಗಿನ ತುದಿಯಿಂದ ಅವಳ ಮೂಗು ಒರೆಸಿ, "ಹೋಗಿ ಹೇಳು. ಆಮೇಲೆ ಹೋಗಿ ಬಿಚ್ಚು" ಅಂದಳು.

ಸೋಮವಾರ ಶೋಭಾರಾಣಿ ಟೀ ಹೊತ್ತಿನವರೆಗೆ ಕಾದಳು. ಮಾನ ಹರಾಜಾಗುವುದಾದರೆ ಎಲ್ಲರದೂ ಆದ ಹೊತ್ತಿನಲ್ಲೇ ಆಗಲಿ ಎಂದು. ಸಂಘಮಿತ್ರಳನ್ನೂ ಮೋಹನ್‌ಬಾಬುವನ್ನೂ ಕರೆಸಿದಳು. ಒಂದು ಬೋನು ಮುಂದಿಟ್ಟುಕೊಂಡು, ಹೋದ ವರ್ಷ ಹೇಗೆ ಕಟ್ಟಿದ್ದಳೋ ಹಾಗೇ ಕಟ್ಟಿದಳು. ಮೊದಲು ನೀಲಿ, ಮೇಲೆ ಬಿಳಿ. ಆಮೇಲೆ ಬ್ಲೇಡು ತೆಗೆದುಕೊಂಡು ಬಿಳಿ ದಾರವನ್ನೆಲ್ಲಾ ಕುಯ್ದು ಹಾಕಿದಳು. ಬೋನನ್ನು ಬುಡಮೇಲು ಮಾಡಿ ಕೊಡವಿದಳು. ಕಿಟಕಿ ಬೀಳಲಿಲ್ಲ.

"ನಿಮ್ಮ ದಾರ ಕೊಳೆತಿದೆ ಮೇಡಂ. ನನ್ನ ದಾರ ಕೊಳೆತಿಲ್ಲ" ಅಂದಳು. "ಇವ್ರೆಲ್ಲಾ ನಾನು ಹೇಳಿದ್ದಕ್ಕೆ ಕಟ್ಟಿದ್ರು. ಇವರದೇನೂ ತಪ್ಪಿಲ್ಲ. ಅವತ್ತು ನೀವು ಡ್ರಮ್ ಹತ್ರ ಕೇಳ್ದಾಗ್ಲೂ ನಂಗೆ ಗೊತ್ತಿತ್ತು. ಸುಳ್ಳು ಹೇಳ್ದೆ."

ಮೋಹನ್‌ಬಾಬು ಬಾಯಿ ತೆರೆದ. ಸಂಘಮಿತ್ರ ಕೈಯೆತ್ತಿ ಅವನನ್ನು ತಡೆದಳು. ಬೋನನ್ನು ಎತ್ತಿಕೊಂಡು ನೀಲಿ ಗಂಟಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಸಿಟ್ಟಿಗಿಂತ ಮೊದಲು ಸಮಾಧಾನವಾಯಿತೇನೋ, ಉಸಿರು ಬಿಟ್ಟಳು. ಆಮೇಲೆ ಕೇಳಿದಳು:

"ಯಾಕಕ್ಕ ನನ್ನ ಒಂದು ಮಾತು ಕೇಳ್ಲಿಲ್ಲ?"

ತಿಳೀಲಿಲ್ಲ ಅನ್ನಬಹುದಿತ್ತು. ಮೀನು ಹಿಡಿಯೋರಿಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಅನ್ನಬಹುದಿತ್ತು, ಅದೂ ನಿಜವೇ. ಶೋಭಾರಾಣಿ ತನ್ನ ಅಂಗೈ ನೋಡಿಕೊಂಡಳು.

"ನೀವು ಹೇಳಿದ್ದಕ್ಕೆ ಕೇಳ್ಲಿಲ್ಲ ಮೇಡಂ. ಹಿಂದಿನ ಮೇಡಂ ಹೇಳಿದ್ರೆ ಕೇಳ್ತಿದ್ದೆ."

ಗಂಗುಲಮ್ಮ ಟೀ ಲೋಟದೊಳಗೆ ನೋಡುತ್ತಿದ್ದಳು.

"ಅವತ್ತೇ ಗೊತ್ತಾಗಿತ್ತು ಅಕ್ಕ" ಅಂದಳು ಸಂಘಮಿತ್ರ. ದನಿ ಏರಲಿಲ್ಲ, ಇಳಿಯಲಿಲ್ಲ. "ನಂಗೆ ಅದು ಹೊಸದಲ್ಲ. ಆದ್ರೆ ನನ್ನ ಮೇಲಿನ ತಾತ್ಸಾರ ಏಡಿಗಳ ಮೇಲೆ ಹೋಯ್ತಲ್ಲ. ಈಗ ನಡೀರಿ, ಯಾವ ಯಾವ ಲಾರೀಲಿ ಹೋಗಿದೆ ನೋಡಣ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶೋಭಾರಾಣಿ ಅವಳ ಹಿಂದೆ ನಡೆದಳು. ಬಾಯಿಗೆ ನೀವು ಎನ್ನುವುದು ಇಷ್ಟು ಸಲೀಸಾಗಿ ಬರುತ್ತದೆ, ಅದಕ್ಕೆ ಇಷ್ಟೆಲ್ಲಾ ಆಗಬೇಕಾಯಿತು ಎಂದು ಇನ್ನೊಂದು ಸಲ ನಾಚಿಕೆಯಾಯಿತು. ಆ ಸಂಜೆ ಮನೆಗೆ ಹೋಗಿ ಆಯುಧಪೂಜೆಯ ಶಾಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಕಾರ್ಖಾನೆಯವರು ಸಂಘಕ್ಕೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಕಿಟಕಿ ಉಳಿಯಿತು, ಸಂಘಮಿತ್ರಳೂ ಉಳಿದಳು. ಮೀನುಗಾರರ ಹತ್ತಿರ ಇರುವ ಬೋನುಗಳ ಒಳಸುತ್ತು ಕತ್ತರಿಸಿ, ಹತ್ತಿ ದಾರ ಕಟ್ಟಿಕೊಡಬೇಕೆಂದು ಮಾತಾಯಿತು. ಅವರೇ ಕತ್ತರಿಸಿಕೊಳ್ಳುತ್ತಾರೆ ಎಂದ ಮೋಹನ್‌ಬಾಬು. ಶೋಭಾರಾಣಿ ರಜೆ ಹಾಕಿ ತಾನೇ ಹೋಗುತ್ತೇನೆ ಎಂದು ಹಟ ಹಿಡಿದಳು. ಗಂಗುಲಮ್ಮ, "ನಾನೂ ಕಟ್ಟಿದೀನಲ್ಲ" ಎಂದು ಜೊತೆಗೆ ಹೊರಟಳು. ಹೋಗುವ ಮುಂಚೆ ಅಕ್ಕಯ್ಯಮ್ಮ ತೊಳೆದ ಒಂದು ಬಾಟ್ಲಿ ಕೈಗಿತ್ತಳು. ಅವಳೂ ಸಮುದ್ರ ಕಂಡವಳಲ್ಲ. "ತಲೆ ಮೇಲೆ ಪ್ರೋಕ್ಷಣೆ ಮಾಡ್ಕೊಳ್ಳಕ್ಕೆ ಒಂದಿಷ್ಟು ನೀರು ತಾ" ಅಂದಳು.

ಕುಂದಾಪುರದ ಆಚೆ ಒಂದು ಮೀನುಗಾರರ ಊರು. ಸಂಘಮಿತ್ರಳ ಜೊತೆ ವ್ಯಾನಿನಿಂದ ಇಳಿದು ತೆಂಗಿನಮರಗಳ ಸಂದಿ ದಾಟಿದ್ದೇ ಸಮುದ್ರ ಎದುರಿಗಿತ್ತು. ಗಂಗುಲಮ್ಮ ಎರಡೂ ಕೈ ಜೋಡಿಸಿ ನೀರಿಗೆ ಓಡಿದಳು. ಶೋಭಾರಾಣಿ ಮರಳಿನ ಮೇಲೆ ಒಟ್ಟಿದ್ದ ಬೋನುಗಳ ಕಡೆ ತಿರುಗಿ, ಸೆರಗು ಸಿಕ್ಕಿಸಿ, ಬ್ಲೇಡು ಹಿಡಿದು ಕೂತಳು.

ಆ ಊರಿನ ಹೆಂಗಸರು ಬಂದು ಸುತ್ತ ಕೂತರು. ಒಬ್ಬಳು ತಾನೂ ಒಂದು ಬೋನು ಎಳೆದುಕೊಂಡು ಚಾಕುವಿನಿಂದ ಒಳಸುತ್ತು ಬಿಡಿಸಹೊರಟು ಸೋತಳು.

"ಎಂತ ಗಟ್ಟಿ ಮಾರಾಯ್ರೆ! ಯಾರು ಕಟ್ಟಿದ್ದು ಇದನ್ನು? ಕೈ ಅಂದ್ರೆ ಕೈ" ಎಂದು ಮೆಚ್ಚಿಕೊಂಡಳು.

ಇಷ್ಟು ವರ್ಷ ಈ ಮಾತಿಗಾಗಿಯೇ ಬದುಕಿದ್ದವಳು ಶೋಭಾರಾಣಿ. ತಲೆ ಎತ್ತಲಿಲ್ಲ. "ನಾನೇ" ಅಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ವಿಡಿಯೋದಲ್ಲಿ ಕಂಡಿದ್ದ ಬೋನನ್ನು ಅವರು ಒಂದು ದೋಣಿಯ ಪಕ್ಕ ಎತ್ತಿಟ್ಟಿದ್ದರು. ಒಳಗಿನದ್ದನ್ನೆಲ್ಲಾ ತೆಗೆದು ತೊಳೆದಿದ್ದರು. ಸಂಘಮಿತ್ರ ಅದನ್ನು ತೋರಿಸಬೇಡಿ ಎಂದು ಸನ್ನೆ ಮಾಡಿದಳು, ಆದರೆ ಶೋಭಾರಾಣಿ ಆಗಲೇ ನೋಡಿದ್ದಳು. ಹತ್ತಿರ ಹೋಗಿ ಕಿಟಕಿಯ ಅಂಚು ತಿರುಗಿಸಿದಳು. ನೀಲಿ ದಾರ ಹೊರಗಡೆ ನುಣ್ಣಗಿತ್ತು. ಒಳಗಿನ ಕಡೆ ಮಾತ್ರ ಎಳೆ ಎಳೆಯಾಗಿ ಕಿತ್ತು, ಹಳೆಯ ಕಂಬಳಿಯ ಹಾಗೆ ಜುಂಗು ಜುಂಗಾಗಿ ಎದ್ದಿತ್ತು.

"ಇದೇನು ಹಿಂಗಾಗಿದೆ?" ಎಂದು ದೋಣಿಯ ಮುದುಕನನ್ನು ಕೇಳಿದಳು.

"ಏಡಿ ತನ್ನ ಇಕ್ಕಳದಂಥ ಕೊಂಬು ಹಾಕಿ ಕತ್ತರಿಸಲಿಕ್ಕೆ ನೋಡಿದ್ದು. ಅಲ್ಲಿಂದಲೇ ಬೆಳಕು ಬರ್ತದಲ್ಲ, ಏಡಿಗೆ ಗೊತ್ತಾಗ್ತದೆ. ಒಂದು ಸತ್ತ ಮೇಲೆ ಇನ್ನೊಂದು, ಅದೇ ಜಾಗದಲ್ಲಿ" ಅಂದ ಮುದುಕ. "ಗಂಟು ಬಿಡಲಿಲ್ಲ."

ಗಂಟು ಬಿಡುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಬೋನು ಕೆಳಗಿಟ್ಟಳು. ಆಮೇಲೆ ಕೇಳಿದಳು: "ಇಂಥವು ಇನ್ನೂ ಕೆಳಗಿವೆಯಾ?"

"ಇರ್ತದೆ. ಮಳೆಗಾಲದಲ್ಲಿ ಸುಮಾರು ಹೋಗಿದೆ. ಎಲ್ಲಿ ಅಂತ ಹುಡುಕುವುದು?" ಮುದುಕ ಸಮುದ್ರದ ಕಡೆ ಕೈ ಬೀಸಿದ. ಆ ಕೈ ತೋರಿಸಿದ ಕಡೆ ನೀರು ಬಿಟ್ಟರೆ ಏನೂ ಇರಲಿಲ್ಲ.

ಸಂಜೆಯವರೆಗೆ ಕೂತು, ದಡದಲ್ಲಿದ್ದ ಅಷ್ಟೂ ಬೋನುಗಳ ಒಳಸುತ್ತು ಕತ್ತರಿಸಿ, ಒಂದೊಂದು ನೀಲಿ ತುಂಡನ್ನೂ ಆರಿಸಿ ಚೀಲಕ್ಕೆ ತುಂಬಿದರು. ಹತ್ತಿ ದಾರ ಕಟ್ಟಿದರು. ಹೊರಡುವ ಮುಂಚೆ ಸಂಘಮಿತ್ರ, "ಬನ್ನಿ ಅಕ್ಕ, ನೀರಿಗೆ ಕಾಲಾದ್ರೂ ಹಾಕಿ" ಎಂದು ಕರೆದಳು. ಶೋಭಾರಾಣಿ ಬಾಟ್ಲಿ ಹಿಡಿದು ಒದ್ದೆ ಮರಳಿನವರೆಗೆ ಹೋದಳು. ಒಂದು ಅಲೆ ಬಂತು. ಅದು ಕಾಲು ಮುಟ್ಟುವ ಮೊದಲೇ ಹಿಂದಕ್ಕೆ ಸರಿದಳು. ಇನ್ನೊಂದು ಬಂತು, ಇನ್ನೂ ಹಿಂದಕ್ಕೆ ಸರಿದಳು.

ವಾರದ ನಂತರ ಕಳವಾರದಲ್ಲಿ ಅಕ್ಕಯ್ಯಮ್ಮ ಬಾಗಿಲಲ್ಲೇ ಕೈ ಚಾಚಿದಳು. "ಎಲ್ಲೇ ನನ್ನ ನೀರು?"

ಶೋಭಾರಾಣಿ ಚೀಲದಿಂದ ಖಾಲಿ ಬಾಟ್ಲಿ ತೆಗೆದುಕೊಟ್ಟಳು.

"ನೀರಿಗೆ ಕೈ ಹಾಕಕ್ಕೆ ಮುಖ ಇರ್ಲಿಲ್ಲಮ್ಮ. ಇನ್ನೂ ಕೆಳಗಿವೆ."

ಅಕ್ಕಯ್ಯಮ್ಮ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಹೋಗಿ ಅಡುಗೆಮನೆಯ ಗೂಡಿನಲ್ಲಿ ಅದನ್ನು ಹಾಗೇ ಇಟ್ಟು ಬಂದಳು.

"ಎಲ್ಲಾ ಬಿಚ್ಚಿ ಮುಗಿದ್ಮೇಲೆ ತುಂಬ್ಕೊಂಡ್ ಬಾ" ಅಂದಳು.

ಮುಗಿಯುವುದಿಲ್ಲ ಎಂದು ಶೋಭಾರಾಣಿಗೆ ಗೊತ್ತಿತ್ತು. "ಆಗ್ಲಮ್ಮ" ಅಂದು, ಬಕೀಟಿನಿಂದ ಒಂದು ಹಿಡಿ ಬಾಳೆನಾರು ತೆಗೆದುಕೊಂಡು ತೋಟದ ಕಡೆ ಹೋದಳು.